ಮೇವಿನ ಮಷೀನ್ ಚೈನ್‌ಗೆ ಹರಳೆಣ್ಣೆ: ಅಂಟು ಹಿಡಿಯದ ಹಾಗೆ ತಯಾರು ಮಾಡ್ಕೊಳ್ಳೋದು ಹೇಗೆ

ನಮ್ಮ ಗುಬ್ಬಿ, ತಿಪಟೂರು ಕಡೆ ಮೇವು ಕತ್ತರಿಸೋ ಮಷೀನ್ ಚೈನ್‌ಗೆ ಬಹಳ ಜನ ಹುಯ್ಯೋದು ಗ್ಯಾರೇಜ್‌ನಿಂದ ತಂದ ಸುಟ್ಟ ಎಂಜಿನ್ ಆಯಿಲ್. ಅದು ತೊಟ್ಟಿಕ್ಕೋದು ಮೇವಿನ ಮೇಲೆ, ತಿನ್ನೋದು ಹಸು, ಹಾಲು ಕುಡಿಯೋದು ನಮ್ಮ ಮಕ್ಕಳು. ದಯವಿಟ್ಟು ಅದನ್ನ ಬಿಡಿ, ಗಿಡದ ಎಣ್ಣೆ ಹಾಕಿ.

ಹಾಗಂತ ಅಡುಗೆ ಎಣ್ಣೆ ಬಗ್ಗಿಸಿದ್ರೂ ಆಗಲ್ಲ. ನಾನು ಒಂದ್ಸಲ ಮಿಕ್ಕಿದ್ದ ಸೂರ್ಯಕಾಂತಿ ಎಣ್ಣೆ ಹಾಕಿದ್ದೆ, ಏಪ್ರಿಲ್ ಬಿಸಿಲಿಗೆ ರೋಲರ್ ಮೇಲೆಲ್ಲ ಹಲಸಿನ ಮೇಣದ ಥರ ಕಂದು ಪೊರೆ, ಉಗುರಲ್ಲಿ ಕೆರೆದ್ರೆ ಸುರುಳಿ ಸುರುಳಿ ಬರೋದು, ಕೊಂಡಿ ಮಡಚ್ತಾನೇ ಇರ್ಲಿಲ್ಲ. ಗಾಳಿಯ ಆಕ್ಸಿಜನ್ ಎಣ್ಣೆ ಜೊತೆ ಸೇರಿ ಹಿಂಗಾಗುತ್ತೆ. ಯಾವ ಎಣ್ಣೆ ಬೇಗ ಅಂಟಾಗುತ್ತೆ ಅನ್ನೋದನ್ನ ಅಯೋಡಿನ್ ಸಂಖ್ಯೆ ಹೇಳುತ್ತೆ, ಸಂಖ್ಯೆ ಹೆಚ್ಚಿದ್ದಷ್ಟೂ ಬೇಗ ಅಂಟು: ಅಗಸೆ 180ರ ಹತ್ರ (ಅದಕ್ಕೇ ಅದು ಪೇಂಟ್‌ಗೆ ಹೋಗುತ್ತೆ), ಸೂರ್ಯಕಾಂತಿ 130, ಹೊಂಗೆ, ಹರಳು 85ರ ಆಸುಪಾಸು, ಕೊಬ್ಬರಿ ಎಣ್ಣೆ ಬರೀ 10. ಕೊಬ್ಬರಿ ಎಣ್ಣೇನೇ ಬೆಸ್ಟ್ ಅಂತೀರಾ, ಆದ್ರೆ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತೆ, ಡಿಸೆಂಬರ್ ಬೆಳಿಗ್ಗೆ ಚೈನ್ ಒಳಗೆ ಇಳಿಯೋದೇ ಇಲ್ಲ. ಹೊಂಗೆ ಮೇವಿನ ಹತ್ರ ಬೇಡ. ಹರಳೆಣ್ಣೆ ಗಟ್ಟಿ, ಕಬ್ಬಿಣಕ್ಕೆ ಕಚ್ಕೊಳ್ಳುತ್ತೆ, ಚಳಿಗೂ ಹೆದರಲ್ಲ.

ಮೊದಲು ಹಳೇ ಅಂಟನ್ನೆಲ್ಲ ಸೀಮೆಎಣ್ಣೆ, ಬ್ರಷ್ ಹಾಕಿ ತೊಳೆದು ಒಣಗಿಸಿ. ಆಮೇಲೆ ಒಂದು ಲೀಟರ್ ಹರಳೆಣ್ಣೇನ ಸ್ಟೀಲ್ ಪಾತ್ರೇಲಿ ಸಣ್ಣ ಉರಿ ಮೇಲೆ 105 ಡಿಗ್ರಿವರೆಗೆ ಕಾಯಿಸಿ, ಗುಳ್ಳೆ ಬರೋದು ನಿಲ್ತು ಅಂದ್ರೆ ನೀರು ಹೋಯ್ತು. ತಾಮ್ರ ಹಿತ್ತಾಳೆ ಪಾತ್ರೆ ಬೇಡ, ತಾಮ್ರ ತಾಕಿದ್ರೆ ಎಣ್ಣೆ ಇನ್ನೂ ಬೇಗ ಕೆಡುತ್ತೆ. 70 ಡಿಗ್ರಿಗೆ ಇಳಿದಾಗ 5 ಗ್ರಾಂ ಬಿಎಚ್‌ಟಿ ಹಾಕಿ, ಕರಗೋವರೆಗೂ ತಿರುವಿ. ಇದು ಎಣ್ಣೆ ಕೆಡದ ಹಾಗೆ ತಡೆಯೋ ಬಿಳಿ ಪುಡಿ, ಫುಡ್ ಗ್ರೇಡೇ ಕೇಳಿ ತಗೊಳ್ಳಿ. ಎಣ್ಣೆ ಕೆಡೋದು ಒಂದು ಅಣು ಪಕ್ಕದ್ದಕ್ಕೆ, ಅದು ಇನ್ನೊಂದಕ್ಕೆ ಅಂತ ಸರಪಳಿ ಥರ, ಬಿಎಚ್‌ಟಿ ಮಧ್ಯ ನಿಂತು ತನ್ನ ಹೈಡ್ರೋಜನ್ ಕೊಟ್ಟು ಆ ಸರಪಳಿ ಕಡಿಯುತ್ತೆ, ಕಡಿತಾ ಕಡಿತಾ ತಾನೇ ಖರ್ಚಾಗುತ್ತೆ. ಅದಕ್ಕೇ ತಾಜಾ ಎಣ್ಣೆಗೇ ಹಾಕ್ಬೇಕು, ಹಾಲು ಒಡೆದ ಮೇಲೆ ಏನು ಹಾಕಿದ್ರೂ ಹಾಲಾಗಲ್ಲ ನೋಡಿ.

ಇನ್ನು ಸವೆತ. ಮೇವಿನ ಚೈನ್‌ಗೆ ಹರಳೆಣ್ಣೆ ಪೊರೇನೇ ಸಾಕು. ಮೇವು, ನೀರು ಎರಡಕ್ಕೂ ಸಂಬಂಧ ಇಲ್ಲದ, ಭಾರ ಬೀಳೋ ಚೈನ್‌ಗೆ ಮಾತ್ರ ಲೀಟರ್‌ಗೆ 10 ಗ್ರಾಂ ಝಡ್‌ಡಿಡಿಪಿ (ಸವೆತ ತಡೆಯೋಕೆ ಎಣ್ಣೆಗೆ ಬೆರೆಸೋ ಅಡಿಟಿವ್) ಸೇರಿಸಬಹುದು. ಅದರಲ್ಲಿ ಸತು, ರಂಜಕ, ಗಂಧಕ ಇರುತ್ತೆ, ಲೋಹ ಲೋಹ ಉಜ್ಜಿ ಬಿಸಿ ಆದ ಜಾಗದಲ್ಲಿ ಗಾಜಿನಂಥ ತೆಳು ಪದರ ಕಟ್ಟುತ್ತೆ, ಕಬ್ಬಿಣದ ಬದಲು ಆ ಪದರ ಸವೆಯುತ್ತೆ. ಎಣ್ಣೆ ಕೆಡೋದನ್ನೂ ಸ್ವಲ್ಪ ತಡೆಯುತ್ತೆ. ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಗಿಡದ ಎಣ್ಣೆ ತಾನೇ ಲೋಹಕ್ಕೆ ಅಂಟ್ಕೊಂಡು ಕೂರೋದ್ರಿಂದ ಈ ಅಡಿಟಿವ್‌ಗೆ ಅಲ್ಲಿ ಜಾಗಕ್ಕೆ ಪೈಪೋಟಿ, ಪೆಟ್ರೋಲಿಯಂ ಎಣ್ಣೇಲಿ ಮಾಡಿದಷ್ಟು ಕೆಲಸ ಇಲ್ಲಿ ಮಾಡದೇ ಇರಬಹುದು. ಹಾಗಂತ ಡಬಲ್ ಹಾಕ್ಬೇಡಿ, ಹಿತ್ತಾಳೆ ಬುಷ್ ತಿನ್ನಬಹುದು. ಕೈಗೆ ಗ್ಲೌಸ್ ಇರ್ಲಿ. ಮೀನಿಗೂ ಇದು ಆಗಲ್ಲ, ಕೆರೆ ಕಟ್ಟೆ ಹತ್ರ ತೊಳೀಬೇಡಿ.

ಸವೆತ ಎಷ್ಟು ಅಂತ ಲ್ಯಾಬಲ್ಲಾದ್ರೆ ಎಣ್ಣೇಲಿ ನಾಲ್ಕು ಉಕ್ಕಿನ ಗುಂಡು ಉಜ್ಜಿಸಿ, ಸವೆದ ಗುರುತು ಎಷ್ಟು ಮಿಲಿಮೀಟರ್ ಅಂತ ಅಳೀತಾರೆ. ಮನೇಲಿ ನೋಡೋಕಾಗೋದು ಅಂಟು ಹಿಡಿಯೋದನ್ನ: ಎರಡು ಕಬ್ಬಿಣದ ತಗಡಿಗೆ, ಒಂದಕ್ಕೆ ಬರೀ ಹರಳೆಣ್ಣೆ, ಇನ್ನೊಂದಕ್ಕೆ ನೀವು ಮಾಡಿದ್ದು ತೆಳ್ಳಗೆ ಸವರಿ ತಾರಸಿ ಬಿಸಿಲಲ್ಲಿಡಿ, ವಾರಕ್ಕೊಂದ್ಸಲ ಬೆರಳಿಟ್ಟು ನೋಡಿ. ನೀವು ಮಾಡಿದ್ದೂ ಬೆರಳಿಗೆ ಅಂಟೋಕೆ ಶುರುವಾಯ್ತು ಅಂದ್ರೆ ಚೈನ್ ತೊಳೆದು ಹೊಸದು ಹಾಕೋ ಟೈಮ್ ಬಂತು. ಉಳಿದಿದ್ದನ್ನ ಸಣ್ಣ ಕ್ಯಾನ್‌ಗಳಿಗೆ ಬಾಯಿತನಕ ತುಂಬಿ, ‘ತಿನ್ನೋದಕ್ಕಲ್ಲ’ ಅಂತ ಬರೆದು ನೆರಳಲ್ಲಿಡಿ, ಶೀಟ್ ಕೆಳಗೆ ಬೇಡ, 10 ಡಿಗ್ರಿ ಬಿಸಿ ಏರಿದ್ರೆ ಕೆಡೋ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ.