ಮೂರು ಮನೆಗೆ ಒಂದೇ ಅಡುಗೆ: ನಮ್ಮ ಹಾಸನದ ಲೆಕ್ಕ

ಸಕಲೇಶಪುರದ ಕಡೆಯ, ವಯಸ್ಸಾದ ನಾವು ಮೂರು ತೋಟದ ಮನೆಯವರು ಹಾಸನಕ್ಕೆ ಬಂದು, ಅಕ್ಕಪಕ್ಕ ಬಾಡಿಗೆ ಹಿಡಿದು, ಒಂದೇ ಕಡೆ ಅಡುಗೆ ಮಾಡಿಸಿಕೊಂಡು ಇರುತ್ತೇವೆ ಅಂದಾಗ ನೆಂಟರೆಲ್ಲ ‘ಆರು ತಿಂಗಳು ತಡೆಯಲ್ಲ ಬಿಡಿ’ ಅಂದಿದ್ದರು. ಮೂರು ವರ್ಷ ದಾಟಿತು. ಚೆನ್ನಾಗಿಯೇ ನಡೆಯುತ್ತಿದೆ.

ತೋಟ ಯಾಕೆ ಬಿಟ್ಟಿರಿ ಅಂತ ನಮ್ಮ ಕಡೆಯವರು ಕೇಳಲ್ಲ. ಜುಲೈ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ. ರಾತ್ರಿ ದಾರಿಯಲ್ಲಿ ಆನೆ ನಿಂತಿದ್ದರೆ ಆಂಬುಲೆನ್ಸ್ ಬರಲ್ಲ. ಹಾಸನದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. 2017ರಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ರೈಲೂ ಇದೆ. ಮಕ್ಕಳು ಬಂದು ಹೋಗೋದು ಸುಲಭ.

ಕಷ್ಟ ಆಗಿದ್ದು ಅಡುಗೆ. ಮೊದಲು ವಾರಕ್ಕೊಂದು ಮನೆಯ ಸರದಿ ಇಟ್ಟೆವು. ಹೆಂಗಸರಿಗೆ ಆರು ಜನರ ಅಡುಗೆ ಅಂದರೆ ತೋಟದ ಮನೆಗಿಂತ ಜಾಸ್ತಿ ಕೆಲಸ ಆಯಿತು. ಬಿಟ್ಟೆವು. ಆಮೇಲೆ ಮೆಸ್ಸಿನಿಂದ ಕ್ಯಾರಿಯರ್ ತರಿಸಿದೆವು. ಎಣ್ಣೆ, ಸೋಡಾ, ಎಲ್ಲರಿಗೂ ಹೊಟ್ಟೆಯಲ್ಲಿ ಉರಿ. ಕೊನೆಗೆ ಅಡುಗೆ ಕೆಲಸಕ್ಕೆ ಒಬ್ಬ ಅಕ್ಕನನ್ನು ಇಟ್ಟುಕೊಂಡೆವು. ಆಗ ಶುರುವಾಯಿತು ಲೆಕ್ಕದ ಜಗಳ. ಒಬ್ಬರು ವಾರಗಟ್ಟಲೆ ಮಗಳ ಮನೆಗೆ ಹೋಗುತ್ತಾರೆ, ಇನ್ನೊಬ್ಬರ ಮನೆಗೆ ಮೊಮ್ಮಕ್ಕಳ ದಂಡೇ ಬರುತ್ತದೆ. ಊಟಕ್ಕಿಷ್ಟು ಅಂತ ಬರೆದಿಟ್ಟರೆ ತಿಂಗಳ ಕೊನೆಗೆ ಮುಖ ಊದಿಸಿಕೊಳ್ಳೋದು.

ಅದಕ್ಕೆ ಊಟದ ಲೆಕ್ಕವನ್ನೇ ತೆಗೆದುಹಾಕಿದೆ. ಉಂಡರೂ ಬಿಟ್ಟರೂ ತಿಂಗಳಿಗೆ ಮನೆಗೆ 12,000, ಮೂರೂ ಮನೆ ಸೇರಿ 36,000. ಅದರಲ್ಲಿ ಅಕ್ಕನ ಸಂಬಳ ಸುಮಾರು 15,000 ಹೋಗಿ ಉಳಿದದ್ದು ದಿನಸಿ, ಹಾಲು, ಗ್ಯಾಸಿಗೆ. ನೆಂಟರು ಬಂದರೆ ತಟ್ಟೆಗೆ 60 ರೂಪಾಯಿ ಡಬ್ಬಿಗೆ ಹಾಕಬೇಕು. ಕೋಳಿ, ಹಂದಿ ಅವರವರ ಮನೆಯಲ್ಲಿ, ಅವರವರ ಖರ್ಚಿನಲ್ಲಿ. ಜಗಳ ಅಲ್ಲಿಗೆ ನಿಂತಿತು. ಒಳ್ಳೆ ಅಡುಗೆಯವರು ಬಿಟ್ಟು ಹೋಗದ ಹಾಗೆ ಒಂದು ಏರ್ಪಾಡೂ ಇದೆ. ಅದನ್ನು ಮಾತ್ರ ಇಲ್ಲಿ ಹೇಳಲ್ಲ.

ಬಿಪಿಯವರಿಗೆ ಬೇರೆ ಸಾರು ಮಾಡಲ್ಲ. ಅರ್ಧ ಉಪ್ಪಿಗೇ ಸಾರು ಕುದಿಸಿ, ಸಣ್ಣ ಪಾತ್ರೆಗೆ ತೆಗೆದಿಟ್ಟು, ಉಳಿದದ್ದಕ್ಕೆ ಉಪ್ಪು ಹಾಕೋದು. ಒಗ್ಗರಣೆ ಎರಡಕ್ಕೂ ಒಂದೇ. ಒಗ್ಗರಣೆ ಚೆನ್ನಾಗಿದ್ದರೆ ಉಪ್ಪು ಕಮ್ಮಿ ಅಂತ ಗೊತ್ತಾಗಲ್ಲ.

ಜಾರಿ ಬೀಳದ ಹಾಗೆ ಬಚ್ಚಲು ಸರಿ ಮಾಡಿಸೋಕೆ ಮೂರೂ ಮನೆ ಸೇರಿ ಹತ್ತಿರ ಹತ್ತಿರ 40,000 ಆಯಿತು. ಹಿಡಿದು ಏಳೋಕೆ ಅಂತ ಪ್ಲಂಬರ್ ಮೊದಲು ಟವೆಲ್ ರಾಡನ್ನೇ ಪ್ಲಾಸ್ಟಿಕ್ ಗಟ್ಟಕ್ಕೆ ಕೂರಿಸಿದ್ದ. ಎಳೆದರೆ ಕೈಗೇ ಬಂತು. ಬಿಚ್ಚಿಸಿ, ಸ್ಟೀಲ್ ಪೈಪನ್ನು ಆಂಕರ್ ಬೋಲ್ಟಿನಲ್ಲಿ ಗೋಡೆಗೆ ಹಾಕಿಸಿದೆ. ಎಷ್ಟು ಎತ್ತರ ಅಂತ ಟೇಪು ಹಿಡಿಯಬೇಡಿ. ಕಮೋಡಿನ ಮೇಲೆ ಕೂತು ಏಳಿ, ಕೈ ತಾನಾಗಿ ಎಲ್ಲಿಗೆ ಹೋಗುತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ನನ್ನ ಗುರುತಿಗೂ ನಮ್ಮವಳ ಗುರುತಿಗೂ ಐದಾರು ಇಂಚು ವ್ಯತ್ಯಾಸ ಬಂತು. ಎರಡು ಪೈಪ್ ಹಾಕಿಸಿದೆ. ಬಾಗಿಲು ಹೊರಗೆ ತೆಗೆಯೋ ಹಾಗೆ ಇರಲೇಬೇಕು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಬಿದ್ದರೆ ಒಳಕ್ಕೆ ನೂಕೋಕೆ ಆಗಲ್ಲ.

ಮಂಚದ ಪಕ್ಕ ವೈರ್ ಇಲ್ಲದ ಕಾಲಿಂಗ್ ಬೆಲ್ ಇದೆ. ಒತ್ತಿದರೆ ಪಕ್ಕದ ಮನೆಯಲ್ಲಿ ಹೊಡೆಯುತ್ತದೆ. 800 ರೂಪಾಯಿ ಇರಬೇಕು. ಸುಮ್ನೆ ಇರಲಾರದೆ ತಾರಸಿಯಲ್ಲಿ ಪೊದೆ ಮೆಣಸೂ (ಬಳ್ಳಿಯಾಗಿ ಹಬ್ಬದೆ ಪೊದೆಯಾಗಿ ಬೆಳೆಯೋ ಕಾಳುಮೆಣಸು) ಹಾಕಿದ್ದೇನೆ. ಹಾಸನದ ಗಾಳಿಗೆ ತೇವ ಸಾಲದು, ನೆರಳುಬಲೆ ಕಟ್ಟಿದ ಮೇಲೆ ಚಿಗುರಿತು. ಹೋದ ವರ್ಷ ಕೇಜಿ ಹತ್ತಿರ ಒಣಗಿದ ಕಾಳುಮೆಣಸು ಸಿಕ್ಕಿತು.

ದುಡ್ಡಿನ ವಿಚಾರ. ರೋಬಸ್ಟಾ ಕಾಫಿಗೆ ರೇಟು ಬಂದಾಗ ಕೈಗೆ ಬಂದದ್ದನ್ನು ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ಒಬ್ಬರಿಗೆ 30 ಲಕ್ಷದವರೆಗೆ ಅವಕಾಶ ಇದೆ, ನಾನೂ ನಮ್ಮವಳೂ 20-20 ಲಕ್ಷ ಇಟ್ಟೆವು. ವರ್ಷಕ್ಕೆ ಶೇಕಡ 8.2ರ ಬಡ್ಡಿಯಲ್ಲಿ ಇಬ್ಬರಿಗೂ ಸೇರಿ ಮೂರು ತಿಂಗಳಿಗೆ 82,000 ಬರುತ್ತದೆ. ತಿಂಗಳ ಬಾಡಿಗೆ 11,000, ಊಟ 12,000 ಅದರಲ್ಲೇ ಆಗುತ್ತದೆ.

ತೋಟ ನನ್ನ ಹೆಸರಲ್ಲೇ ಇದೆ. ಮಕ್ಕಳಿಗೆ ವಿಲ್ ಮಾಡಿ ರಿಜಿಸ್ಟರ್ ಮಾಡಿಸಿದ್ದೇನೆ, ದಾನಪತ್ರ ಬರೆದಿಲ್ಲ. ಬರೆಯಲೇಬೇಕು ಅನ್ನುವವರು ‘ನಮ್ಮನ್ನು ನೋಡಿಕೊಳ್ಳಬೇಕು’ ಅನ್ನೋ ಷರತ್ತನ್ನು ಪತ್ರದಲ್ಲೇ ಸೇರಿಸಿ. ನೋಡಿಕೊಳ್ಳದಿದ್ದರೆ ದಾನ ರದ್ದು ಮಾಡಿಸೋಕೆ ಇರುವ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಉಪಯೋಗಕ್ಕೆ ಬರೋದು ಆ ಷರತ್ತಿನಿಂದ. ಫಸಲು ಗುತ್ತಿಗೆಯ ದುಡ್ಡನ್ನು ಔಷಧಿಗೆ, ಓಡಾಟಕ್ಕೆ ಅಂತ ಬೇರೆ ಖಾತೆಯಲ್ಲಿ ಇಟ್ಟಿದ್ದೇವೆ.