ಮೊದಲು ಮಗುವಿನ ಬಟ್ಟಲು, ಆಮೇಲೆ ಬೆಲ್ಲ

ಈಗಿನ ಹುಡುಗಿಯರಿಗೆ ಮಗುವಿಗೆ ಸೇಬು ಬೇಯಿಸಿ ಕೊಡು ಅಂದರೆ ಸಾಕು, ಕುಕ್ಕರಿಗೆ ಅರ್ಧ ನೀರು ತುಂಬಿ, ಹೋಳುಗಳನ್ನು ಅದರಲ್ಲಿ ಮುಳುಗಿಸಿ, ನಾಲ್ಕು ವಿಷಲ್ ಕೂಗಿಸುತ್ತಾರೆ. ಆಮೇಲೆ ಆ ನೀರನ್ನೆಲ್ಲ ಸಿಂಕಿಗೆ ಬಸಿದು, ಉಳಿದ ಸಪ್ಪೆ ಹೋಳನ್ನು ಮಿಕ್ಸಿಗೆ ಹಾಕಿ ಗರ್ರ್ ಅನ್ನಿಸುತ್ತಾರೆ. ನೊರೆನೊರೆಯಾದ ಅದನ್ನು ಬಾಯಿಗಿಟ್ಟರೆ ಮಗು ಮುಖ ಕಿವುಚದೆ ಇನ್ನೇನು ಮಾಡೀತು? "ನನ್ನ ಮಗೂಗೆ ಹಣ್ಣೇ ಇಷ್ಟ ಇಲ್ಲ ಆಂಟಿ" ಅಂತ ನನ್ನ ಹತ್ತಿರ ದೂರು ಬೇರೆ. ರುಚಿಯನ್ನೆಲ್ಲ ಸಿಂಕಿಗೆ ಕುಡಿಸಿದೆಯಲ್ಲ ಕಣಮ್ಮಾ, ಮಗುವಿಗೆ ಉಳಿದದ್ದು ಬರೀ ಹಿಪ್ಪೆ.

ಇನ್ನೊಂದು ಸಿಟ್ಟು ಇದೆ, ಅದನ್ನೂ ಹೇಳಿಬಿಡುತ್ತೇನೆ. ಮಗುವಿಗೆ ಒಂದು ಅಡಿಗೆ, ಮನೆಯವರಿಗೆ ಇನ್ನೊಂದು ಅಡಿಗೆ ಅಂತ ದಿನವಿಡೀ ಒಲೆ ಮುಂದೆ ನಿಂತು, ಸಂಜೆ ಹೊತ್ತಿಗೆ ಸುಸ್ತಾಗಿ ಅಂಗಡಿ ಡಬ್ಬಿ ತರಿಸುವುದು. ಯಾಕೆ? ಹಣ್ಣು ಒಂದೇ, ಪಾತ್ರೆ ಒಂದೇ. ತಿರುಳು ತಯಾರಾದ ಕೂಡಲೇ ಮಗುವಿನ ಬಟ್ಟಲಿಗೆ ಬೇಕಾದಷ್ಟು ತೆಗೆದಿಡಿ. ಬೆಲ್ಲ, ಏಲಕ್ಕಿ, ಹಾಲು, ಕಾಯಿಹಾಲು ಏನಿದ್ದರೂ ಆಮೇಲೆ, ಉಳಿದದ್ದಕ್ಕೆ. ಎಲ್ಲಕ್ಕೂ ಬೆಲ್ಲ ಸುರಿದು, "ಅಯ್ಯೋ ಮಗೂಗೆ ತೆಗೆದಿಡೋದು ಮರೆತೆ" ಅಂದರೆ ಪ್ರಯೋಜನವಿಲ್ಲ.

ಶುರು ಮಾಡುವುದು 6 ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ತಾಯಿಹಾಲೇ ಸಾಕು, ನಾಲ್ಕನೇ ತಿಂಗಳಿಗೇ ಹಣ್ಣು ನೆಕ್ಕಿಸಲು ಹೋಗಬೇಡಿ. ಒಂದು ಸಲಕ್ಕೆ ಒಂದೇ ಹಣ್ಣು, ಅದನ್ನೇ ಮೂರು ದಿನ ಕೊಟ್ಟು ನೋಡಿ. ಮೈಮೇಲೆ ಗಂಧೆ ಎದ್ದಿತಾ, ಹೊಟ್ಟೆ ಕೆಟ್ಟಿತಾ ಅಂತ ಗೊತ್ತಾಗಬೇಕಲ್ಲ. ಮೊದಲನೇ ದಿನವೇ ಸೇಬು, ಮಾವು, ಸಪೋಟ ಮೂರೂ ಕಲಸಿ ಕೊಟ್ಟರೆ ಯಾವುದು ಆಗಲಿಲ್ಲ ಅಂತ ಯಾರನ್ನು ಕೇಳುತ್ತೀರಿ? ವರ್ಷ ತುಂಬುವವರೆಗೆ ಸಕ್ಕರೆ ಬೇಡ, ಬೆಲ್ಲ ಬೇಡ, ಉಪ್ಪೂ ಬೇಡ. ಜೇನುತುಪ್ಪ ಅಂತೂ ಬೇಡವೇ ಬೇಡ. ಹಿಂದೆ ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಪದ್ಧತಿ ಇತ್ತು, ನಿಜ. ಆದರೆ ಜೇನಿನಲ್ಲಿ ಬಾಟ್ಯುಲಿಸಂ ಅನ್ನುವ ಕಾಯಿಲೆ ತರುವ ಬೀಜಾಣು ಇರಬಹುದು, ವರ್ಷದೊಳಗಿನ ಕರುಳು ಅದನ್ನು ತಡೆಯುವುದಿಲ್ಲ. ಯಾವ ಅಜ್ಜಿ ಹೇಳಿದರೂ ಕೇಳಬೇಡಿ.

ಈಗ ಸೇಬಿನ ವಿಷಯಕ್ಕೆ ಬರೋಣ. ನಮ್ಮ ಕಾಲದಲ್ಲಿ ಮೈಸೂರಿನಲ್ಲಿ ಸೇಬು ಅಂದರೆ ಆಸ್ಪತ್ರೆ ಹಣ್ಣು. ಯಾರಾದರೂ ಮಲಗಿದ್ದರೆ ಹಾರ್ಲಿಕ್ಸ್ ಬಾಟಲಿ ಜೊತೆ ಎರಡು ಸೇಬು ಹಿಡಿದು ಹೋಗುತ್ತಿದ್ದೆವು. ಮನೆ ಮಕ್ಕಳಿಗೆ ಬಾಳೆಹಣ್ಣೇ ಗತಿ. ಈಗ ತಳ್ಳುಗಾಡಿಯಲ್ಲೇ ಶಿಮ್ಲಾ, ಕಾಶ್ಮೀರದ್ದು ಸಿಗುತ್ತದೆ. ಫಳಫಳ ಹೊಳೆಯುವುದನ್ನೇ ಆರಿಸಬೇಡಿ. ಮೂಗಿಗೆ ಹಿಡಿದು ನೋಡಿ, ವಾಸನೆ ಬಂದರೆ ತನ್ನಿ.

ಸಿಪ್ಪೆ ತೆಗೆಯಿರಿ, ನಾಲ್ಕು ಹೋಳು ಮಾಡಿ. ಬೀಜ ಮಾತ್ರ ತೆಗೆದರೆ ಸಾಲದು. ಬೀಜದ ಸುತ್ತ ಉಗುರಿನಷ್ಟು ಗಡುಸಾದ ಪೊರೆ ಇರುತ್ತದಲ್ಲ, ಅದನ್ನೂ ಕೆತ್ತಿ ತೆಗೆಯಿರಿ. ಅದು ಎಷ್ಟು ಬೆಂದರೂ ಕರಗುವುದಿಲ್ಲ. ಹೋಳುಗಳನ್ನು ಸ್ಟೀಲ್ ಬಟ್ಟಲಿಗೆ ಹಾಕಿ. ನೀರು? ಒಂದು ಹನಿಯೂ ಬೇಡ. ಇಡ್ಲಿ ಪಾತ್ರೆಯ ತಳದಲ್ಲಿ ಎರಡು ಬೆರಳು ನೀರು ಕಾಯಿಸಿ, ಒಳಗೆ ಬಟ್ಟಲು ಇಡಿ. ಮುಚ್ಚಳಕ್ಕೆ ಒಂದು ತೆಳು ಬಟ್ಟೆ ಸುತ್ತಿ, ತುದಿಗಳನ್ನು ಮೇಲೆ ಗಂಟು ಹಾಕಿ ಮುಚ್ಚಿ. ಹಳೇ ಪಂಚೆಯ ತುಂಡು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬಟ್ಟೆ ಕಟ್ಟದಿದ್ದರೆ ಮುಚ್ಚಳದ ಬೆವರೆಲ್ಲ ಬಟ್ಟಲಿಗೆ ಬಿದ್ದು ಹಣ್ಣು ನೀರಾಗುತ್ತದೆ. ಇಡ್ಲಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಗಡಿಯಾರ ನೋಡಬೇಡಿ. ಹಾಲ್‌ನಲ್ಲಿ ಕೂತವರಿಗೆ ವಾಸನೆ ಬಂತು ಅಂದರೆ ಮುಚ್ಚಳ ತೆಗೆದು ಚಮಚದ ಬೆನ್ನಿನಿಂದ ಒತ್ತಿ. ತಾನಾಗಿ ಕುಸಿದರೆ ಆಯಿತು.

ಬಟ್ಟಲಿನ ತಳದಲ್ಲಿ ಒಂದೆರಡು ಚಮಚ ಹೊಂಬಣ್ಣದ ರಸ ನಿಂತಿರುತ್ತದೆ. ಯಾರಾದರೂ ಅದನ್ನು ಚೆಲ್ಲಿದ್ದು ನನ್ನ ಕಣ್ಣಿಗೆ ಬಿದ್ದರೆ ಬೈಸಿಕೊಳ್ಳುತ್ತಾರೆ. ಹಣ್ಣಿನ ರುಚಿಯೆಲ್ಲ ಅಲ್ಲೇ ಇರುವುದು. ತಿರುಳು ಗಟ್ಟಿ ಅನ್ನಿಸಿದರೆ ಸಡಿಲ ಮಾಡಲು ಇದನ್ನೇ ಹಾಕಬೇಕು, ನಲ್ಲಿ ನೀರನ್ನಲ್ಲ.

ಇನ್ನು ಜರಡಿ. ನಾನು ಏನು ಬಿಟ್ಟರೂ ಇದನ್ನು ಬಿಡುವುದಿಲ್ಲ. ಹಿಟ್ಟು ಜಾಲಿಸುವ ಸ್ಟೀಲ್ ಜರಡಿ ಬೇಕು. ರವೆ ಜರಡಿಯ ಕಣ್ಣು ದೊಡ್ಡದಾಯಿತು, ಟೀ ಸೋಸುವುದು ಚಿಕ್ಕದಾಯಿತು. ಮಗುವಿಗೆ ಅಂತಲೇ ಒಂದನ್ನು ಬೇರೆ ಇಡಿ. ಮೆಣಸಿನಪುಡಿ ಜಾಲಿಸಿದ್ದನ್ನು ಎಷ್ಟು ತೊಳೆದರೂ ಖಾರ ಬಿಡುವುದಿಲ್ಲ, ಮಗು ಯಾಕೆ ಅಳುತ್ತಿದೆ ಅಂತ ಆಮೇಲೆ ತಲೆ ಕೆಡಿಸಿಕೊಳ್ಳುತ್ತೀರಿ. ಅಗಲವಾದ ಪಾತ್ರೆ ಮೇಲೆ ಜರಡಿ ಇಟ್ಟು, ಹಣ್ಣು ಬಿಸಿ ಇರುವಾಗಲೇ ಎರಡು ಮೂರು ಹೋಳು ಹಾಕಿ. ಎಲ್ಲವನ್ನೂ ಒಟ್ಟಿಗೆ ರಾಶಿ ಹಾಕಬೇಡಿ. ಆರಿದ ಮೇಲೆ ಮಾಡಲು ಹೋದರೆ ಅಂಟು ಕಟ್ಟಿ ಕೈ ನೋಯುತ್ತದೆ. ಸೌಟಿನ ಬೆನ್ನನ್ನು ಹಗುರವಾಗಿ ಇಟ್ಟು ಸುತ್ತ ಉಜ್ಜುತ್ತಾ ಹೋಗಿ. ಸಿಟ್ಟು ಬಂದವರ ಹಾಗೆ ಕುಕ್ಕಬೇಡಿ, ಕುಕ್ಕಿದರೆ ನಾರೂ ಕೆಳಗೆ ಇಳಿಯುತ್ತದೆ. ಒಂದಷ್ಟು ಹೊತ್ತು ಬಲಕ್ಕೆ, ಮತ್ತೆ ಎಡಕ್ಕೆ. ಕಣ್ಣು ಮುಚ್ಚಿಕೊಂಡಿತು ಅನ್ನಿಸಿದರೆ ಜರಡಿಯ ಅಂಚನ್ನು ಪಾತ್ರೆಗೆ ಒಮ್ಮೆ ತಟ್ಟಿ.

ಮೇಲೆ ನಾರು ಮಾತ್ರ ಉಳಿಯಿತಾ? ಈಗ ಜರಡಿಯನ್ನು ತಿರುಗಿಸಿ ನೋಡಿ. ಕೆಳಗಡೆ ದಪ್ಪಗೆ ಅಂಟಿಕೊಂಡು ನೇತಾಡುತ್ತಿರುತ್ತದಲ್ಲ, ಎಲ್ಲಕ್ಕಿಂತ ನುಣುಪಾದದ್ದು ಅದೇ. ಒಣಗಿದ ಚಮಚದಿಂದ ಒಂದೇ ದಿಕ್ಕಿಗೆ ಕೆರೆದು ತೆಗೆಯಿರಿ. ನನ್ನ ಸೊಸೆ ಅದನ್ನು ಸೀದಾ ನಲ್ಲಿ ಕೆಳಗೆ ಹಿಡಿಯಲು ಹೊರಟಿದ್ದಳು, ಕೈ ಹಿಡಿದು ನಿಲ್ಲಿಸಿದೆ. ಆ ಪದರವನ್ನು ಮಗುವಿನ ನಾಲಿಗೆಗೆ ಇಟ್ಟು ನೋಡಿ, ಇನ್ನೊಂದು ಚಮಚಕ್ಕೆ ಬಾಯಿ ತಾನಾಗಿ ತೆರೆಯುತ್ತದೆ. ಮೇಲೆ ಉಳಿದ ನಾರನ್ನು ಚಪಾತಿ ಹಿಟ್ಟಿಗೆ ನಾದಿಬಿಡಿ.

ಮಿಕ್ಸಿ ಯಾಕೆ ಬೇಡ ಅಂತ ಕೇಳುತ್ತೀರಿ. ಒಂದು ಸೇಬು ಜಾರಿನ ಗೋಡೆಗೆ ಅಂಟಿಕೊಂಡು ಕೂರುತ್ತದೆ, ತಿರುಗುವುದೇ ಇಲ್ಲ. ತಿರುಗಲಿ ಅಂತ ನೀರು ಹಾಕುತ್ತೀರಿ. ಗಾಳಿ ಸೇರಿ ನೊರೆಯಾಗುತ್ತದೆ, ಬೇಗ ಕಪ್ಪಾಗುತ್ತದೆ. ತಪ್ಪಿ ಉಳಿದ ಬೀಜ, ಪೊರೆ ಎಲ್ಲ ಅದರಲ್ಲೇ ಅರೆದುಹೋಗುತ್ತದೆ. ಜರಡಿಯಲ್ಲಾದರೆ ಅವು ಮೇಲೆ ನಿಲ್ಲುತ್ತವೆ. ಮಾತು ಬಂತು ಅಂತ ಹೇಳುತ್ತೇನೆ, ನಿಮ್ಮ ಮಿಕ್ಸಿ ಜಾರಿನ ಮುಚ್ಚಳದ ವಾಷರ್ ಬಿಚ್ಚಿ ನೋಡಿದ್ದೀರಾ? ಒಳಗೆ ಕಪ್ಪಗೆ ಕಟ್ಟಿರುವುದು ಹೋದ ವಾರದ ಚಟ್ನಿ. ವಾರಕ್ಕೊಮ್ಮೆ ಬಿಚ್ಚಿ ಬಿಸಿನೀರಲ್ಲಿ ಉಜ್ಜಿ, ಬಿಸಿಲಲ್ಲಿ ಒಣಗಿಸಿ. ಪಾತ್ರೆ ಒರೆಸುವ ಬಟ್ಟೆಯನ್ನು ಒದ್ದೆಯಲ್ಲೇ ನಲ್ಲಿಗೆ ನೇತುಹಾಕುವವರಿಗೂ ಇದೇ ಮಾತು. ಇರಲಿ, ಹಣ್ಣಿಗೆ ಬರೋಣ.

ನಮ್ಮ ಅತ್ತೆ ರಾಗಿ ಸರಿಗೆ ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ಬೀಸಿ, ಪಾತ್ರೆ ಬಾಯಿಗೆ ತೆಳು ಬಟ್ಟೆ ಕಟ್ಟಿ, ವಸ್ತ್ರಗಾಳಿತ ಮಾಡುತ್ತಿದ್ದರು. ಅಂಗೈಯಿಂದ ಉಜ್ಜಿ ಉಜ್ಜಿ, ಕೆಳಗೆ ಬಿದ್ದ ಹಿಟ್ಟಿನಲ್ಲಿ ಒಂದು ಹೊಟ್ಟು ಇರುತ್ತಿರಲಿಲ್ಲ. ಆ ತಾಳ್ಮೆಯೇ ಹಣ್ಣಿಗೂ ಬೇಕು. ಹಾಂ, ರಾಗಿ ಅಂದ ಮೇಲೆ ನೆನಪಾಯಿತು. ಮಗು ಇಷ್ಟಪಡುತ್ತದೆ ಅಂತ ಬರೀ ಹಣ್ಣೇ ಹೊಟ್ಟೆ ತುಂಬ ಕೊಡಬೇಡಿ. ರಾಗಿ ಸರಿ, ಬೇಳೆ, ಒಂದು ಚೂರು ತುಪ್ಪ ಇವೆಲ್ಲ ಬೇಕು. ಸರಿ ಆರಿದ ಮೇಲೆ ಹಣ್ಣಿನ ತಿರುಳು ಬೆರೆಸಿದರೆ ಸಿಹಿಯೂ ಆಯಿತು.

ಬೇರೆ ಹಣ್ಣುಗಳಿಗೆ ಇಷ್ಟು ರಗಳೆ ಇಲ್ಲ. ಬಾಳೆ, ಪರಂಗಿ, ಸಪೋಟ ಬೇಯಿಸುವುದೇ ಬೇಡ. ಪರಂಗಿ ಚೆನ್ನಾಗಿ ಹಣ್ಣಾಗಿರಬೇಕು, ಅಷ್ಟೇ. ಸಪೋಟ ಕಾಯಿಯಾಗಿದ್ದರೆ ಹಾಲು ಬಾಯಿಗೆ ಅಂಟುತ್ತದೆ, ಅದರ ಬೀಜಕ್ಕೆ ಕೊಕ್ಕೆಯೂ ಇದೆ, ಎಣಿಸಿ ತೆಗೆಯಿರಿ. ಸೀಬೆಯನ್ನು ಜರಡಿ ಇಲ್ಲದೆ ಕೊಡಲೇಬೇಡಿ. ಸೇಬು, ಬಾಳೆಯಿಂದ ಕೆಲವು ಮಕ್ಕಳಿಗೆ ಹೊಟ್ಟೆ ಕಟ್ಟುತ್ತದೆ, ಆಗ ಪರಂಗಿಗೋ ಮರಸೇಬಿಗೋ ಬದಲಾಯಿಸಿ. ಬಾಳೆಯಲ್ಲಿ ನಂಜನಗೂಡು ರಸಬಾಳೆಗೆ ಸಮ ಇರಲಿಲ್ಲ, ಬೆರಳಲ್ಲಿ ಒತ್ತಿದರೆ ಕರಗುತ್ತಿತ್ತು. ಸೊರಗು ರೋಗ ಬಂದು ತೋಟಗಳೇ ಹೋದವು, ಈಗ ಹುಡುಕಬೇಕು. ಏಲಕ್ಕಿ ಬಾಳೆ ತನ್ನಿ, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಿರಲಿ.

ಮಾವಿನ ಕಾಲದಲ್ಲಿ ರಸಪುರಿ ಅಥವಾ ಬಾದಾಮಿ. ತೊಟ್ಟಿನ ಭಾಗ ಕತ್ತರಿಸಿ ಸೊನೆ ಹೋಗುವ ಹಾಗೆ ನೀರಲ್ಲಿ ನೆನೆಸಿಡಿ. ಸೊನೆ ತಾಗಿದರೆ ಮಗುವಿನ ತುಟಿ ಸುತ್ತ ಕೆಂಪಗೆ ಏಳುತ್ತದೆ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಿಷೇಧ ಇದೆ, ಆದರೂ ಮಾಡುವವರು ಮಾಡುತ್ತಾರೆ. ಬಲಿತ ಕಾಯಿ ತಂದು ಮನೆಯಲ್ಲೇ ಹುಲ್ಲಿನಲ್ಲಿ ಅಡೆ ಹಾಕಿ, ಹುಲ್ಲಿಲ್ಲದಿದ್ದರೆ ಪೇಪರಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಇಡಿ. ರಸಪುರಿಯಲ್ಲಿ ನಾರು ಇರುತ್ತದೆ, ಜರಡಿಗೆ ಹಾಕಿದರೆ ಎಲ್ಲವೂ ಮೇಲೆ ನಿಲ್ಲುತ್ತದೆ. ಮಗುವಿನ ಪಾಲು ತೆಗೆದ ಮೇಲೆ ಉಳಿದದ್ದಕ್ಕೆ ಹಾಲು, ಬೆಲ್ಲ, ಏಲಕ್ಕಿ ಹಾಕಿದರೆ ಸೀಕರಣೆ. ಕರಾವಳಿಯವರ ಹಾಗೆ ಕಾಯಿಹಾಲು ಹಾಕಿದರೆ ರಸಾಯನ. ಬಾಳೆ ಜಾಸ್ತಿ ಹಣ್ಣಾಗಿದ್ದರೆ ಮಂಗಳೂರು ಬನ್ಸಿಗೆ ಕಲಸಿ, ಇಲ್ಲವೇ ಕೇಸರಿಬಾತಿಗೆ ಹಾಕಿ. ಹಲ್ಲಿಲ್ಲದ ತಾತನಿಗೂ ಜರಡಿ ಹಿಡಿದ ಸೇಬನ್ನೇ ಕೊಡಿ, ಒಂದು ಚಿಟಿಕೆ ಚಕ್ಕೆ ಪುಡಿ ಉದುರಿಸಿದರೆ ಕೇಳಿ ಕೇಳಿ ತಿನ್ನುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಬಟ್ಟಲು ಚಿಕ್ಕದಿರಲಿ, ಅಷ್ಟೇ.

ಉಳಿಸುವುದಾದರೆ ಬೇಯಿಸಿದ ಹಣ್ಣಿನ ತಿರುಳು ಫ್ರಿಜ್ಜಿನಲ್ಲಿ ಮಾರನೇ ದಿನದವರೆಗೆ ಇರಲಿ, ಅದಕ್ಕಿಂತ ಜಾಸ್ತಿ ಬೇಡ. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಡಬ್ಬಿಗೆ ಹಾಕಿದರೆ ಒಂದು ತಿಂಗಳು ಬರುತ್ತದೆ, ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಇಡಬಾರದು. ಬಾಳೆಯನ್ನು ಮಾತ್ರ ಆಗಿಂದಾಗಲೇ ಕಿವುಚಿ. ಮಗುವಿನ ಬಾಯಿಗೆ ಹೋದ ಚಮಚ ಅದ್ದಿದ ಬಟ್ಟಲಿನಲ್ಲಿ ಉಳಿದದ್ದನ್ನು ಎತ್ತಿಡಬೇಡಿ. ನೀವೇ ತಿಂದುಬಿಡಿ.

ಕೊನೆಗೆ, ಇಷ್ಟೆಲ್ಲ ಜರಡಿ ಪುರಾಣ ಹೇಳಿದವಳೇ ಹೇಳುತ್ತಿದ್ದೇನೆ. ಎಂಟನೇ ತಿಂಗಳಿಗೆ ಜರಡಿ ಎತ್ತಿ ಅಟ್ಟಕ್ಕೆ ಹಾಕಿ. ಒಂದೂವರೆ ವರ್ಷದ ಮಗುವಿಗೂ ನುಣ್ಣಗೆ ಮಾಡಿಯೇ ತಿನ್ನಿಸುವ ಮನೆಗಳನ್ನು ನೋಡಿದ್ದೇನೆ. ಆಮೇಲೆ ಅನ್ನದ ಅಗುಳು ಬಂದರೂ ಉಬ್ಬಳಿಸುತ್ತವೆ ಆ ಮಕ್ಕಳು. ಮೊದಲು ಕೈಯಲ್ಲಿ ಕಿವುಚಿ ಸಣ್ಣ ಗಂಟು ಬಿಡಿ, ಆಮೇಲೆ ಬೆಂದ ಹೋಳನ್ನೇ ಕೈಗೆ ಕೊಡಿ. ನೆಲಕ್ಕೆಲ್ಲ ಮೆತ್ತುತ್ತದೆ, ಮೆತ್ತಲಿ, ಒರೆಸಿದರಾಯಿತು. ಹಸಿ ಸೇಬನ್ನು ಹೋಳು ಮಾಡಿ ಕೊಡಬೇಡಿ, ತುರಿದು ಕೊಡಿ. ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಉದ್ದಕ್ಕೆ ನಾಲ್ಕಾಗಿ ಸೀಳಿ. ತಿನ್ನುವಾಗ ಮಗು ಕೂತಿರಬೇಕು, ನೀವು ಪಕ್ಕದಲ್ಲಿರಬೇಕು, ಮೊಬೈಲ್ ಇನ್ನೊಂದು ಕೋಣೆಯಲ್ಲಿರಬೇಕು.