ಬಿಸಿ ಉಕ್ಕು ಹೇಳಿದ ಸುಳ್ಳು ಅಳತೆ: ನನ್ನ ಲೇತ್ ಕಲಿಕೆ

ಕಮ್ಯುನಿಟಿ ಕಾಲೇಜಿನಲ್ಲಿ ಪ್ರಿಸಿಷನ್ ಮಷೀನಿಂಗ್ ಕೋರ್ಸಿಗೆ ಸೇರಿದಾಗ ಮೊದಲ ದಿನವೇ ಲೇತ್ (ಲೋಹದ ತುಂಡನ್ನು ತಿರುಗಿಸಿ ಟೂಲಿನಿಂದ ಕತ್ತರಿಸುವ ಯಂತ್ರ) ಓಡಿಸಬಹುದು ಅಂದುಕೊಂಡಿದ್ದೆ. ಕೈಗೆ ಬಂದಿದ್ದು ಒಂದು ಅರ, ಒಂದು ಉಕ್ಕಿನ ತುಂಡು. ಆರೂ ಮುಖ ಸಮತಟ್ಟಾಗಬೇಕು, ಮೂಲೆಮಟ್ಟ ಇಟ್ಟರೆ ಬೆಳಕು ನುಸುಳಬಾರದು. ಅಷ್ಟೇ ಕೆಲಸ. ಅರ ತಳ್ಳುವಾಗ ಕೈ ಸ್ವಲ್ಪ ತೂಗಿದರೂ ಅಂಚು ಇಳಿದು ನಡುವೆ ಉಬ್ಬು ಉಳಿಯುತ್ತದೆ. ಪೂರ್ತಿ ಸಮತಟ್ಟಾದ ಸರ್ಫೇಸ್ ಪ್ಲೇಟಿಗೆ ತೆಳ್ಳಗೆ ನೀಲಿ ಬಣ್ಣ ಸವರಿ ತುಂಡನ್ನು ಅದರ ಮೇಲೆ ಉಜ್ಜಿದರೆ ಉಬ್ಬಿದ ಜಾಗಕ್ಕೆ ಮಾತ್ರ ಬಣ್ಣ ಹತ್ತುತ್ತದೆ. ಅದನ್ನಷ್ಟೇ ಅರದಿಂದ ತೆಗೆಯಬೇಕು, ಮತ್ತೆ ಉಜ್ಜಿ ನೋಡಬೇಕು. ನನ್ನ ಕಣ್ಣು ಪಳಗಿದ್ದು ಇಲ್ಲೇ.

ಆಮೇಲೆ ಮೈಕ್ರೋಮೀಟರ್, ಅಂದರೆ ಸೂಕ್ಷ್ಮ ಅಳತೆಯ ಸಾಧನ. ಅದರ ತುದಿಯಲ್ಲಿರುವ, ಸಾಕಷ್ಟು ಬಿಗಿಯಾದ ಕೂಡಲೇ ಜಾರುವ ರ‍್ಯಾಚೆಟ್ ಹಿಡಿದೇ ತಿರುಗಿಸಬೇಕು. ಜೋರಾಗಿ ಬಿಗಿದರೆ ಬರುವುದು ತುಂಡಿನ ಅಳತೆಯಲ್ಲ, ನಮ್ಮ ಕೈಬಲದ ಅಳತೆ.

ಲೇತಿನಲ್ಲಿ ನನಗೆ ಬಂದ ಮೊದಲ ದೊಡ್ಡ ಕೆಲಸ 25 ಮಿ.ಮೀ. ವ್ಯಾಸದ ಶಾಫ್ಟ್ (ದುಂಡು ಸರಳು), h6 ಟಾಲರೆನ್ಸ್. ಅಂದರೆ ಅಳತೆ 24.987 ಮತ್ತು 25.000ರ ನಡುವೆ ಇರಬೇಕು. 13 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಮಾತ್ರ ಜಾಗ. ಒಂದರ ಹಿಂದೊಂದು ಕಟ್ ಕೊಟ್ಟು, ಲೇತ್ ನಿಲ್ಲಿಸಿದ ಕೂಡಲೇ ಅಳೆದೆ. 24.995. ತುಂಬಾ ಖುಷಿಯಾಯಿತು. ಮೇಷ್ಟ್ರು ತುಂಡು ಮುಟ್ಟಿ ನೋಡಿದರು. "ಇನ್ನೂ ಬಿಸಿ ಇದೆ, ಹಾಗೇ ಇಡು" ಅಂದರು. ತಣ್ಣಗಾದ ಮೇಲೆ ಅಳೆದರೆ 24.983! ನಾಲ್ಕು ಮೈಕ್ರಾನ್ ಕಡಿಮೆ. ತುಂಡು ವ್ಯರ್ಥವಾಯಿತು.

ಲೆಕ್ಕ ಸರಳ. ಒಂದು ಡಿಗ್ರಿ ಬಿಸಿಯಾದರೆ ಒಂದು ಮೀಟರ್ ಉಕ್ಕು ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 25 ಮಿ.ಮೀ. ತುಂಡು 40 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 12 ಮೈಕ್ರಾನ್. ನನಗಿದ್ದ ಜಾಗವೆಲ್ಲ ಅದರಲ್ಲೇ ಹೋಯಿತು, ಅಲ್ವಾ? ಡ್ರಾಯಿಂಗಿನಲ್ಲಿರುವ ಅಳತೆ 20 ಡಿಗ್ರಿ ಸೆಲ್ಸಿಯಸ್‌ನದ್ದು ಅಂತ ಪಾಠದಲ್ಲಿ ಓದಿದ್ದೆ. ಅದರ ಅರ್ಥ ತಿಳಿದಿದ್ದು ಆವತ್ತು.

ಈಗ ನಾನು ಮಾಡುವುದು ಹೀಗೆ. ವ್ಯಾಸದಲ್ಲಿ ಅರ್ಧ ಮಿ.ಮೀ. ಉಳಿದಾಗ ನಿಲ್ಲಿಸಿ ತುಂಡನ್ನು ಪೂರ್ತಿ ಆರಲು ಬಿಡುತ್ತೇನೆ. ಉಳಿದದ್ದನ್ನು ಎರಡು ಸಮ ಕಟ್ ಮಾಡುತ್ತೇನೆ. ಮೊದಲನೆಯದಾದ ಮೇಲೆ ಮತ್ತೆ ಆರಿಸಿ ಅಳೆದರೆ, ಟೂಲ್ ಸರಿಸುವ ಹ್ಯಾಂಡಲಿನ ಡಯಲ್ ತೋರಿಸಿದ್ದಕ್ಕೂ ಟೂಲ್ ನಿಜವಾಗಿ ತೆಗೆದದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗುತ್ತದೆ. ಕೊನೆಯ ಕಟ್‌ಗೆ ಆ ವ್ಯತ್ಯಾಸ ಸೇರಿಸಿಕೊಂಡರೆ ಸಾಕು. ಕೊನೆಗೆ ಕೂದಲೆಳೆಯಷ್ಟು ಉಳಿಸಿಕೊಂಡು ಕೆರೆಯಲು ಹೋಗಬೇಡಿ. ಟೂಲ್ ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುತ್ತದೆ. ಇನ್ನೊಂದು ಮಾತು, ಹ್ಯಾಂಡಲನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತಿರುಗಿಸಿ ಅಳತೆಗೆ ಬನ್ನಿ. ಜಾಸ್ತಿ ಹೋದರೆ ಪೂರ್ತಿ ಹಿಂದೆ ತಂದು ಮತ್ತೆ ಬನ್ನಿ. ಇಲ್ಲದಿದ್ದರೆ ಸ್ಕ್ರೂವಿನ ಸಡಿಲ ನಿಮ್ಮ ಅಳತೆ ಕೆಡಿಸುತ್ತದೆ.

ಮಿಲ್ಲಿಂಗ್, ಗ್ರೈಂಡಿಂಗ್ ಎಲ್ಲ ಆಮೇಲೆ ಕಲಿತೆ. ಚಕ್ (ತುಂಡನ್ನು ಹಿಡಿಯುವ ಭಾಗ) ಬಿಗಿಯುವ ಕೀಯನ್ನು ಚಕ್‌ನಲ್ಲೇ ಬಿಟ್ಟು ಕೈ ತೆಗೆಯಬಾರದು, ಓಡುವ ಲೇತ್ ಹತ್ತಿರ ಕೈಗವಸು ಹಾಕಬಾರದು. ಇವೆರಡನ್ನು ಮೊದಲ ದಿನದಿಂದ ಒಮ್ಮೆಯೂ ಮುರಿದಿಲ್ಲ.

ಎರಡನೇ ಶಾಫ್ಟ್ ತಣ್ಣಗಾದ ಮೇಲೆ 24.992 ಬಂತು. ಒಂದು ಹನಿ ಎಣ್ಣೆ ಸವರಿ, ಅದು ಕೂರಬೇಕಾದ ಕೊಳವೆಯಂಥ ಬುಶ್‌ನ ಬಾಯಿಗೆ ನೇರವಾಗಿ ಹಿಡಿದು ಬಿಟ್ಟೆ. ಎಲ್ಲೂ ತಡೆಯಲಿಲ್ಲ, ಅಲ್ಲಾಡಲಿಲ್ಲ. ತನ್ನ ಭಾರಕ್ಕೆ ತಾನೇ ಮೆಲ್ಲಗೆ ಒಳಗೆ ಇಳಿಯಿತು.